ಟಿವಿಗಿಂತ ಮೊದಲು ಮನೆಯನ್ನು ಅಳೆಯಿರಿ



ಹಬ್ಬದ ಸಾಲು ಶುರುವಾಯಿತೆಂದರೆ ದಿನಪತ್ರಿಕೆಯ ಮೊದಲ ಪುಟದಲ್ಲಿ ಸುದ್ದಿ ಹುಡುಕುವುದೇ ಕಷ್ಟ. ಪುಟದ ತುಂಬ ಟಿವಿಗಳ ಚಿತ್ರ. 'ಅರ್ಧ ಬೆಲೆ', 'ಶೂನ್ಯ ಬಡ್ಡಿ', 'ಇಂದೇ ಕೊನೆಯ ದಿನ'. ಆ ಕೊನೆಯ ದಿನ ಮರುವಾರವೂ ಬರುತ್ತದೆ, ಬಿಡಿ! ಜಾಹೀರಾತು ನೋಡಿದ ಕೂಡಲೇ ಮನೆಯಲ್ಲಿ ಚರ್ಚೆ ಶುರು. ಮಕ್ಕಳಿಗೆ ದೊಡ್ಡ ಪರದೆ ಬೇಕು, ಹಿರಿಯರಿಗೆ ಚಿಕ್ಕ ಬಿಲ್ಲು ಬೇಕು. ಈ ವಾರ ಆ ಚರ್ಚೆಗೆ ಒಂದಿಷ್ಟು ಲೆಕ್ಕ ಒದಗಿಸೋಣ. ಸುಮಾರು 25 ಸಾವಿರ ರೂಪಾಯಿಯೊಳಗೆ ಸಿನಿಮಾಕ್ಕೂ ಆಗುವ, ಗೇಮಿಗೂ ಒದಗುವ ಟಿವಿಯನ್ನು ಆರಿಸುವುದು ಹೇಗೆ?

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಟಿವಿಯ ಸಂಗತಿ ಏನು ಗೊತ್ತು ಎಂದು ಕೇಳಬಹುದು. ಗೊತ್ತಿಲ್ಲದ್ದನ್ನು ಕೇಳಿ, ಬರೆದಿಟ್ಟು, ಕೂಡಿಸಿ, ತಾಳೆ ನೋಡುವುದು ನನ್ನ ಹಳೆಯ ಚಾಳಿ. ಮೊನ್ನೆ ನಮ್ಮ ಮನೆಗೇ ಒಂದು ಟಿವಿ ಬೇಕಾಯಿತು. ಆಗ ಮಾಡಿದ ಟಿಪ್ಪಣಿಯನ್ನೇ ನಿಮ್ಮ ಮುಂದಿಡುತ್ತೇನೆ.

ಮೂವರು ಗಿರಾಕಿಗಳು, ಒಂದು ಚೀಲ

ಸೋಂದಾ ಎಂದರೆ ನಿಮಗೆ ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಮಳೆಗಾಲದಲ್ಲಿ ಮುಂಡಿಗೆಕೆರೆಗೆ ಬಂದು ಗೂಡು ಕಟ್ಟುವ ಬೆಳ್ಳಕ್ಕಿಗಳು ನೆನಪಾಗಬಹುದು. ನಮ್ಮ ಮನೆಯೂ ಈ ಕಡೆಯ ಬಹಳಷ್ಟು ಮನೆಗಳ ಹಾಗೆಯೇ. ಮೇಲೆ ಹಂಚು, ಸುತ್ತ ಅಡಿಕೆ ತೋಟ, ಒಳಗೆ ಹಗಲಲ್ಲೂ ಮಬ್ಬು ಬೆಳಕಿನ ಜಗುಲಿ. ಸಿಡಿಲು-ಮಳೆ, ಕರೆಂಟಿನ ಏರಿಳಿತ ಇಲ್ಲಿಯವರಿಗೆ ಹೊಸತಲ್ಲ.

ಹೊಸ ಟಿವಿಗೆ ಮನೆಯಲ್ಲಿ ಮೂವರು ಗಿರಾಕಿಗಳು. ಒಂಬತ್ತನೇ ತರಗತಿಯ ಮೊಮ್ಮಗಳಿಗೆ ಸಿನಿಮಾ ಹುಚ್ಚು. ಆರನೇ ತರಗತಿಯ ಮೊಮ್ಮಗನಿಗೆ ಬೆಂಗಳೂರಿನ ಸೋದರಮಾವ ತನ್ನ ಹಳೆಯ ಪ್ಲೇಸ್ಟೇಷನ್ 4 ಕೊಟ್ಟಿದ್ದಾನೆ. ಮೂರನೆಯವಳು ಇವರ ಅಜ್ಜಿ. ಅವಳಿಗೆ ಯಕ್ಷಗಾನ ಮತ್ತು ಹಳೆಯ ಕನ್ನಡ ಸಿನಿಮಾ.

ಬಜೆಟ್ಟು 25,000 ರೂಪಾಯಿ. ಅದರಲ್ಲಿ 17,000 ನನ್ನ ಪಿಂಚಣಿಯದು. ಉಳಿದ 8,000 ಅಜ್ಜಿಯದು. ಬೇಸಿಗೆಯಲ್ಲಿ ಮುರುಗಲು ಹಣ್ಣು ಹೆಕ್ಕಿ, ಸಿಪ್ಪೆ ಒಣಗಿಸಿ ಮಾರಿದ ದುಡ್ಡು, ಜೊತೆಗೆ ಹಾಲಿನ ದುಡ್ಡು. ಹಾಗಾಗಿ ಅವಳು ಬರೀ ಪ್ರೇಕ್ಷಕಳಲ್ಲ, ಷೇರುದಾರಳು. ಅವಳ ಬೇಡಿಕೆ ಒಂದೇ ಒಂದು.

"ನನಗೆ ಇಂಚುಪಂಚು ಗೊತ್ತಿಲ್ಲ. ಮಾತು ಕೇಳಬೇಕು, ಅಷ್ಟೇ. ಮಳೆ ಹಂಚಿನ ಮೇಲೆ ಹೊಡೆಯಲು ಶುರುವಾದರೆ ನಾನು ಬಾಯಿ ಅಲ್ಲಾಡುವುದನ್ನು ಮಾತ್ರ ನೋಡ್ತಾ ಕೂರಬೇಕು."

ಒಂದೆರಡು ವರ್ಷದಿಂದ ಅವಳು ಸಿನಿಮಾದ ನಡುವೆ "ಒಳಗೆ ಕೆಲಸ ಇದೆ" ಎಂದು ಎದ್ದು ಹೋಗುತ್ತಿದ್ದಳು. ರಾತ್ರಿ ಒಂಬತ್ತು ಗಂಟೆಗೆ ಅಡುಗೆಮನೆಯಲ್ಲಿ ಅಂಥ ಕೆಲಸ ಏನೂ ಇರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಚಿನ ಲೆಕ್ಕ

ಅಂಗಡಿಗೆ ಹೋಗುವ ಮೊದಲು ಅಳತೆ ಟೇಪು ಹಿಡಿದುಕೊಳ್ಳಿ. ಟಿವಿ ಇಡುವ ಗೋಡೆಯಿಂದ ಕೂರುವ ಜಾಗಕ್ಕೆ ಎಷ್ಟು ಇಂಚು ಎಂದು ಅಳೆಯಿರಿ. ಬಂದ ಸಂಖ್ಯೆಯನ್ನು 1.6ರಿಂದ ಭಾಗಿಸಿ. ಸಿನಿಮಾ ನೋಡಲು ಹಿತವಾದ ಪರದೆಯ ಅಳತೆ ಹೆಚ್ಚುಕಡಿಮೆ ಅಷ್ಟು. ನಮ್ಮ ಜಗುಲಿಯಲ್ಲಿ ಗೋಡೆಯಿಂದ ಆರಾಮ ಕುರ್ಚಿಗೆ 6 ಅಡಿ, ಅಂದರೆ 72 ಇಂಚು. ಭಾಗಿಸಿದರೆ 45. ಅಂಗಡಿಯಲ್ಲಿ 45 ಸಿಗದು, 43 ಸಿಗುತ್ತದೆ. 50 ಇಂಚಿನ ಟಿವಿಗೆ 80 ಇಂಚು, ಅಂದರೆ 6 ಅಡಿ 8 ಇಂಚು ದೂರ ಬೇಕು.

"ಕುರ್ಚಿಯನ್ನು 8 ಇಂಚು ಹಿಂದೆ ಹಾಕಿದರಾಯ್ತಲ್ಲ ಅಜ್ಜಾ" ಎಂದ ಮೊಮ್ಮಗ. ಹಿಂದೆ ಮರದ ಕಂಬ ಇದೆ. ನಮ್ಮ ಅಜ್ಜನ ಕಾಲದ್ದು, ಅದು ಕದಲುವುದಿಲ್ಲ. ಆದರೆ ಈ ಲೆಕ್ಕವೇನೂ ಕಲ್ಲಿನ ಮೇಲಿನ ಗೆರೆಯಲ್ಲ, ಅರ್ಧ ಅಡಿ ಆಚೀಚೆ ಆದರೆ ತೊಂದರೆ ಇಲ್ಲ. ಹಾಗಾಗಿ ಅವನ ವಾದವನ್ನು ತಳ್ಳಿಹಾಕದೆ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: 43 ಅಥವಾ 50.

ಮಕ್ಕಳೇ, ಟಿವಿಯ ಇಂಚು ಎಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗೆ ಇರುವ ಕರ್ಣದ ಅಳತೆ. ಅಗಲ ಮತ್ತು ಎತ್ತರ 16ಕ್ಕೆ 9ರ ಅನುಪಾತದಲ್ಲಿರುತ್ತವೆ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. 16ರ ವರ್ಗ 256, 9ರ ವರ್ಗ 81, ಕೂಡಿದರೆ 337, ಅದರ ವರ್ಗಮೂಲ ಸುಮಾರು 18.36. 43ನ್ನು 18.36ರಿಂದ ಭಾಗಿಸಿ, 16ರಿಂದ ಗುಣಿಸಿದರೆ ಅಗಲ ಸುಮಾರು 37.5 ಇಂಚು. 9ರಿಂದ ಗುಣಿಸಿದರೆ ಎತ್ತರ ಸುಮಾರು 21 ಇಂಚು. ಇದೇ ಲೆಕ್ಕ 32 ಇಂಚಿನ ಟಿವಿಗೆ ಹಾಕಿದರೆ ಅಗಲ 28, ಎತ್ತರ 15.7. ಹೆಸರಿನಲ್ಲಿ ಬರೀ 11 ಇಂಚಿನ ವ್ಯತ್ಯಾಸ. ಪರದೆಯ ವಿಸ್ತೀರ್ಣ ಮಾತ್ರ 1.8 ಪಟ್ಟು!

ಸಿನಿಮಾ ನೋಡುವವರಿಗೆ ಇನ್ನೊಂದು ಸಂಗತಿ. ಅನೇಕ ಸಿನಿಮಾಗಳು ಟಿವಿ ಪರದೆಗಿಂತ ಉದ್ದುದ್ದ ಚೌಕಟ್ಟಿನವು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಸೊಸೆ ತಂದ ಸೌಭಾಗ್ಯ' ಬಂದದ್ದು 1977ರಲ್ಲಿ. ಅಂಥ ಅಗಲದ ಚಿತ್ರ ಟಿವಿಯಲ್ಲಿ ಬಂದಾಗ ಮೇಲೆ-ಕೆಳಗೆ ಕಪ್ಪು ಪಟ್ಟಿ ಉಳಿಯುತ್ತದೆ. ಇಂದಿನ ಸ್ಕೋಪ್ ಚಿತ್ರ 43 ಇಂಚಿನ ಟಿವಿಯಲ್ಲಿ ಸುಮಾರು 15.7 ಇಂಚು ಎತ್ತರಕ್ಕೆ ಕಾಣುತ್ತದೆ. ಅದು 32 ಇಂಚಿನ ಟಿವಿಯ ಪೂರ್ತಿ ಎತ್ತರ! ಸಿನಿಮಾಕ್ಕಾಗಿಯೇ ಕೊಳ್ಳುವುದಾದರೆ, ಜಾಗ ಇದ್ದರೆ, 43ಕ್ಕಿಂತ ಕೆಳಗೆ ಇಳಿಯಬೇಡಿ ಎನ್ನುವುದು ಈ ಕಾರಣಕ್ಕೆ.

4ಕೆ ಬೇಕೆ?

ಪರದೆ ಎಂದರೆ ರಂಗೋಲಿಯ ಚುಕ್ಕಿಗಳ ಹಾಗೆ. ಚುಕ್ಕಿ ಹೆಚ್ಚಿದಷ್ಟೂ ಚಿತ್ರ ನಯ. 'ಎಚ್‌ಡಿ ರೆಡಿ' ಎಂದು ಬರೆದ ಟಿವಿಯಲ್ಲಿ ಸಾಮಾನ್ಯವಾಗಿ 1366 ಅಡ್ಡ, 768 ಉದ್ದ, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕಿ. 'ಫುಲ್ ಎಚ್‌ಡಿ'ಯಲ್ಲಿ 1920ಕ್ಕೆ 1080, ಸುಮಾರು 20.7 ಲಕ್ಷ. '4ಕೆ'ಯಲ್ಲಿ 3840ಕ್ಕೆ 2160, ಸುಮಾರು 83 ಲಕ್ಷ. 43 ಇಂಚಿನಲ್ಲಿ ಈಗ ಫುಲ್ ಎಚ್‌ಡಿಗೂ 4ಕೆಗೂ ಬೆಲೆಯ ಅಂತರ ತುಂಬ ಇಲ್ಲ. ಅಂತರ ಎರಡು-ಮೂರು ಸಾವಿರದೊಳಗೆ ಇದ್ದರೆ 4ಕೆ ಕೊಳ್ಳಬಹುದು.

ಆದರೆ ಕೊಳವೆ ಸಣ್ಣದಿದ್ದರೆ ಹಂಡೆ ದೊಡ್ಡದಾಗಿ ಏನು ಫಲ? ನೆಟ್‌ಫ್ಲಿಕ್ಸ್‌ನವರೇ ಹೇಳುವಂತೆ ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15 ಮೆಗಾಬಿಟ್ ವೇಗದ ನೆಟ್ ಬೇಕು. ಎಚ್‌ಡಿ ಚಿತ್ರ ಗಂಟೆಗೆ 3 ಜಿಬಿವರೆಗೆ, 4ಕೆ ಚಿತ್ರ 7 ಜಿಬಿವರೆಗೆ ಡೇಟಾ ತಿನ್ನುತ್ತದೆ. ಮೊಬೈಲಿನ ದಿನದ 2 ಜಿಬಿಯನ್ನು ಹಾಟ್‌ಸ್ಪಾಟ್ ಹಾಕಿಕೊಂಡು ಸಿನಿಮಾ ನೋಡಿದರೆ ಮಧ್ಯಂತರಕ್ಕೂ ಮುಟ್ಟುವುದಿಲ್ಲ. ಫೈಬರ್ ನೆಟ್ ಬಂದ ಮನೆಗೆ ಚಿಂತೆ ಇಲ್ಲ. ಬಾರದ ಮನೆಯವರು ಪೆನ್‌ಡ್ರೈವ್‌ನಿಂದ ಚಿತ್ರ ಸರಿಯಾಗಿ ಓಡುವ, ಡಿಶ್ ಪೆಟ್ಟಿಗೆಯ ಚಿತ್ರವನ್ನು ಚೆನ್ನಾಗಿ ತೋರಿಸುವ ಟಿವಿ ನೋಡಿಕೊಳ್ಳಲಿ. ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ 2004ರಿಂದ ಇದೆ, ಅದನ್ನೂ ಮರೆಯಬೇಡಿ.

ಮಬ್ಬು ಜಗುಲಿಯ ಲಾಭ

ಅಂಗಡಿಯಲ್ಲಿ ಎಲ್ಲ ಟಿವಿಗಳೂ ದೀಪಾವಳಿಯಂತೆ ಬೆಳಗುತ್ತಿರುತ್ತವೆ. ಅಲ್ಲಿ ಅವುಗಳನ್ನು ಅತಿ ಪ್ರಖರ ಬಣ್ಣದ 'ವಿವಿಡ್' ಅಥವಾ 'ಡೈನಮಿಕ್' ಮೋಡ್‌ನಲ್ಲಿ ಇಟ್ಟಿರುತ್ತಾರೆ. ಹಳದಿ ಹೂವು, ಕೆಂಪು ಗಿಳಿ ಇರುವ ಅವರದೇ ವಿಡಿಯೋ ಓಡುತ್ತಿರುತ್ತದೆ. ಅದನ್ನು ನೋಡಿ ತೀರ್ಮಾನಿಸಬೇಡಿ. ಪಿಕ್ಚರ್ ಮೋಡ್‌ನಲ್ಲಿ 'ಸಿನಿಮಾ' ಅಥವಾ 'ಮೂವಿ' ಆರಿಸಲು ಹೇಳಿ. ನಿಮಗೆ ಪರಿಚಯದ ಒಂದು ಕತ್ತಲೆಯ ದೃಶ್ಯವನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ರಾತ್ರಿಯ ಕಾಡು, ಒಂದು ದೀಪ, ಒಂದು ಮುಖ ಇದ್ದರೆ ಸಾಕು. ಕಪ್ಪು ಕಪ್ಪಾಗಿಯೇ ಕಾಣುತ್ತದೆಯೇ, ಬೂದಿ ಬಣ್ಣಕ್ಕೆ ತಿರುಗಿದೆಯೇ ನೋಡಿ. ಮುಖದ ಬಣ್ಣ ಮನುಷ್ಯರದ್ದಾಗಿದೆಯೇ, ಅರಿಸಿನ ಬಳಿದಂತಿದೆಯೇ ಗಮನಿಸಿ.

ಅಗ್ಗದ ಎಲ್‌ಇಡಿ ಟಿವಿಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಪರದೆ. 'ವಿಎ' ಎಂಬುದು ಎದುರಿನಿಂದ ನೋಡಿದರೆ ಕಪ್ಪನ್ನು ಆಳವಾಗಿ ತೋರಿಸುತ್ತದೆ. ಪಕ್ಕದಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. 'ಐಪಿಎಸ್' ಎಂಬುದು ಪಕ್ಕದಿಂದಲೂ ಬಣ್ಣ ಉಳಿಸಿಕೊಳ್ಳುತ್ತದೆ, ಆದರೆ ಅದರ ಕಪ್ಪು ಬೂದಿ ಕಡೆಗೆ ವಾಲುತ್ತದೆ. ಡಬ್ಬದ ಮೇಲೆ ಇದನ್ನು ಬರೆದಿರುವುದು ಅಪರೂಪ. ಪರೀಕ್ಷೆ ಸುಲಭ. ಟಿವಿಯ ಎದುರು ನಿಂತು ನೋಡಿ, ಮೂರು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಮ್ಮೆ ನೋಡಿ. ಬಣ್ಣ ತೆಳುವಾದರೆ ಅದು ವಿಎ ಇರುವ ಸಂಭವ ಹೆಚ್ಚು.

ಹತ್ತು ಜನ ಗೋಡೆಯುದ್ದಕ್ಕೂ ಸಾಲಾಗಿ ಕೂರುವ ಕೂಡುಕುಟುಂಬಕ್ಕೆ ಐಪಿಎಸ್ ಒಳ್ಳೆಯದು. ನಮ್ಮ ಹಾಗೆ ನಾಲ್ಕೈದು ಜನ ಎದುರಿಗೇ ಕೂರುವ, ಬೆಳಕು ಕಡಿಮೆ ಇರುವ ಜಗುಲಿಗೆ ವಿಎ ಸರಿ. ಮಲೆನಾಡಿನ ಮಬ್ಬು ಮನೆ ಸಿನಿಮಾಕ್ಕೆ ಹೇಳಿ ಮಾಡಿಸಿದ್ದು. ದೊಡ್ಡ ಗಾಜಿನ ಕಿಟಕಿಯ ಮನೆಯವರು ಪ್ರಖರತೆಗಾಗಿ ಕೊಡುವ ಹೆಚ್ಚಿನ ದುಡ್ಡು ನಮಗೆ ಉಳಿತಾಯ. ಒಂದೇ ಎಚ್ಚರಿಕೆ: ಹೆಬ್ಬಾಗಿಲಿಗೆ ಎದುರಾಗಿ ಟಿವಿ ಇಡಬೇಡಿ. ಇಟ್ಟರೆ ಸಿನಿಮಾದ ಬದಲು ಅಂಗಳ ಕಾಣುತ್ತದೆ.

'ಎಚ್‌ಡಿಆರ್' ಎಂಬ ಪದವೂ ಡಬ್ಬದ ಮೇಲೆ ಮಿಂಚುತ್ತಿರುತ್ತದೆ. ಬೆಳಕು-ನೆರಳಿನ ಅಂತರವನ್ನು ಹೆಚ್ಚಿಸಿ ತೋರಿಸುವ ತಂತ್ರ ಅದು. ಅದಕ್ಕೆ ಪರದೆಗೆ ಒಳ್ಳೆಯ ಪ್ರಖರತೆ ಬೇಕು. ನಮ್ಮ ಬಜೆಟ್ಟಿನ ಟಿವಿ ಆ ಸಂಕೇತವನ್ನು ಓದಬಲ್ಲದು, ಪೂರ್ತಿ ತೋರಿಸಲಾರದು. ಆ ಪದವೊಂದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. 'ಕ್ಯೂಎಲ್‌ಇಡಿ' ಎಂದರೂ ಹಿಂದಿನಿಂದ ಬೆಳಕು ಬಿಡುವ ಅದೇ ಎಲ್‌ಸಿಡಿ ಪರದೆ, ಬಣ್ಣ ಚೆನ್ನಾಗಿಸುವ ಒಂದು ಪದರ ಹೆಚ್ಚು, ಅಷ್ಟೇ.

ಗುಂಡಿ ಒತ್ತಿದ ಕ್ಷಣ

ಈಗ ಗೇಮಿನ ವಿಷಯ. ಅಜ್ಜಂದಿರೇ, ಮೂಗು ಮುರಿಯಬೇಡಿ. ಮನೆಯ ಟಿವಿಗೆ ಜೋಡಿಸುವ ಮೊದಲ ಗೇಮ್ ಪೆಟ್ಟಿಗೆ 'ಮ್ಯಾಗ್ನವಾಕ್ಸ್ ಒಡಿಸ್ಸಿ' ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1972ರಲ್ಲಿ. ನಮ್ಮ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಟಿವಿಯಲ್ಲಿ ಆಡುವುದು ನಿನ್ನೆ ಮೊನ್ನೆಯ ಚಟವೇನಲ್ಲ.

ಗೇಮ್ ಆಡುವವರು ಮೊದಲು ನೋಡಬೇಕಾದದ್ದು ವಿಳಂಬ. ಕೈಯಲ್ಲಿ ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಆಟಗಾರ ಜಿಗಿಯುವುದಕ್ಕೂ ನಡುವಿನ ಅಂತರ ಅದು. ಟಿವಿ ತನಗೆ ಬಂದ ಚಿತ್ರವನ್ನು ಚೊಕ್ಕಟ ಮಾಡಿ ತೋರಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಸಿನಿಮಾದಲ್ಲಿ ಅದು ಗೊತ್ತಾಗದು. ಆಟದಲ್ಲಿ ಕ್ರಿಕೆಟ್ ಬ್ಯಾಟು ಬೀಸುವಷ್ಟರಲ್ಲಿ ಬೇಲ್ಸ್ ಬಿದ್ದಿರುತ್ತದೆ! 'ಗೇಮ್ ಮೋಡ್' ಹಾಕಿದರೆ ಟಿವಿ ಆ ಚೊಕ್ಕಟದ ಕೆಲಸವನ್ನು ಬಿಟ್ಟು ಚಿತ್ರವನ್ನು ಬೇಗ ದಾಟಿಸುತ್ತದೆ. ಸೆಕೆಂಡಿಗೆ 60 ಚಿತ್ರ ಬರುವ ಆಟದಲ್ಲಿ ಒಂದು ಚಿತ್ರದ ಆಯುಷ್ಯ ಸೆಕೆಂಡಿನ ಸಾವಿರದ 17 ಭಾಗ. ವಿಳಂಬ ಒಂದೆರಡು ಚಿತ್ರದೊಳಗೆ ಇದ್ದರೆ ಮನೆಯ ಆಟಕ್ಕೆ ಧಾರಾಳ. ಹಾಗಾಗಿ ಅಂಗಡಿಗೆ ಹೋಗುವಾಗ ಗೇಮ್ ಪೆಟ್ಟಿಗೆ, ಇಲ್ಲವೇ ಲ್ಯಾಪ್‌ಟಾಪ್, ಜೊತೆಗೊಂದು ಎಚ್‌ಡಿಎಂಐ ವೈರು ಒಯ್ಯಿರಿ. ಗೇಮ್ ಮೋಡ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಆಡಿಸಿ. ಮಕ್ಕಳ ಹೆಬ್ಬೆರಳಿಗಿಂತ ಒಳ್ಳೆಯ ಪರೀಕ್ಷಕರಿಲ್ಲ.

ಎರಡನೆಯದು 'ಹರ್ಟ್ಸ್'. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬ ಲೆಕ್ಕ. ಪ್ಲೇಸ್ಟೇಷನ್ 4ಕ್ಕೆ 60 ಹರ್ಟ್ಸ್ ಸಾಕು. ಪ್ಲೇಸ್ಟೇಷನ್ 5ರಂಥ ಹೊಸ ಪೆಟ್ಟಿಗೆಗಳು ಕೆಲವು ಆಟಗಳಲ್ಲಿ 120ರವರೆಗೆ ಕೊಡಬಲ್ಲವು, ಅದನ್ನು ತೋರಿಸಬಲ್ಲ ಟಿವಿ ದುಬಾರಿ. ಡಬ್ಬದ ಮೇಲೆ 'ಮೋಷನ್ 120' ಎಂದೆಲ್ಲ ಬರೆದಿದ್ದರೆ ಮರುಳಾಗಬೇಡಿ. ಅದು ಹಲವು ಸಲ ಕಂಪನಿ ಇಟ್ಟ ಅಡ್ಡಹೆಸರು. "ಪ್ಯಾನೆಲ್‌ನ ನಿಜವಾದ ರಿಫ್ರೆಶ್ ರೇಟ್ ಎಷ್ಟು?" ಎಂದು ಕೇಳಿ, ಮಾಹಿತಿ ಪಟ್ಟಿಯಲ್ಲಿ ಓದಿ ಖಚಿತ ಮಾಡಿಕೊಳ್ಳಿ.

ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳದ್ದು. ಕೆಲವು ಟಿವಿಗಳು ನಡುವೆ ತಾವೇ ಚಿತ್ರ ಹುಟ್ಟಿಸಿ ಚಲನೆಯನ್ನು ನುಣುಪು ಮಾಡುತ್ತವೆ. ಆಗ ದೊಡ್ಡ ಸಿನಿಮಾವೂ ಧಾರಾವಾಹಿಯ ಹಾಗೆ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಮೋಷನ್' ಎಂಬುದನ್ನು ಹುಡುಕಿ ಆರಿಸಿಬಿಡಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಕಿವಿಗೆ ಹತ್ತಿ ಇಟ್ಟ ಪರೀಕ್ಷೆ

ಇಷ್ಟಾದ ಮೇಲೆ ಶಿರಸಿಗೆ ಹೋಗಿ ಬೆಲೆ ಕೇಳಿಕೊಂಡು ಬಂದೆವು. ನಮಗೆ ಒಪ್ಪಿಗೆಯಾದ 50 ಇಂಚಿನದಕ್ಕೆ ಸರಿಯಾಗಿ 25,000. ಅದೇ ಬಗೆಯ 43 ಇಂಚಿನದಕ್ಕೆ 20,500. ಮೊಮ್ಮಗ 50ಕ್ಕೆ ಪಟ್ಟು ಹಿಡಿದ. ದುಡ್ಡು ಸರಿಹೋಗುತ್ತದೆ, ಕುರ್ಚಿಯೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಜ್ಜಿಯ ಬೇಡಿಕೆ ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ.

ಟಿವಿಗಳು ತೆಳ್ಳಗಾದಷ್ಟೂ ಅವುಗಳ ಸ್ಪೀಕರಿಗೆ ಜಾಗ ಕಡಿಮೆ. ಬಹಳಷ್ಟು ಟಿವಿಗಳಲ್ಲಿ ಸ್ಪೀಕರು ಕೆಳಮುಖವಾಗಿ ಇರುತ್ತದೆ, ಧ್ವನಿ ನಮ್ಮ ಕಡೆ ಬರುವ ಬದಲು ಮೇಜಿಗೆ ಬಡಿಯುತ್ತದೆ. ಅದರ ಮೇಲೆ ಆಷಾಢದ ಮಳೆ. ಇನ್ನೊಂದು ಸಂಗತಿ ಮಕ್ಕಳಿಗೆ ಗೊತ್ತಿರಲಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. 'ಸ', 'ಶ', 'ತ', 'ಕ' ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲೇ. 'ಆ', 'ಊ', 'ಓ' ಕೇಳಿಸುತ್ತವೆ, ವ್ಯಂಜನ ಕರಗಿಹೋಗುತ್ತದೆ. ಹಾಗಾಗಿ ಅಜ್ಜಿಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಸದ್ದು ದೊಡ್ಡದಾಗುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಮೊಮ್ಮಗನಿಗೆ ಹತ್ತಲಿಲ್ಲ. ಅವನ ಎರಡೂ ಕಿವಿಯ ಬಾಯಿಗೆ ಹತ್ತಿಯ ಉಂಡೆ ಇಟ್ಟು, ಅವನು ನೋಡಿರದ ಸಿನಿಮಾದ ಒಂದು ದೃಶ್ಯವನ್ನು ಮೊಬೈಲಿನಲ್ಲಿ ಹಾಕಿ ಆರಡಿ ದೂರ ಇಟ್ಟೆ. ಹೊರಗೆ ಮಳೆ ಜೋರಾಗಿತ್ತು. ಎರಡು ನಿಮಿಷ ಕೂತ. ಆಮೇಲೆ ಹತ್ತಿ ತೆಗೆದು ಹೇಳಿದ:

"ಅಜ್ಜಾ, ಸದ್ದು ಕೇಳ್ತದೆ. ಆದ್ರೆ ಎಂತ ಹೇಳ್ತಾರೆ ಗೊತ್ತಾಗ್ತಿಲ್ಲ."

ಸ್ವಲ್ಪ ಹೊತ್ತು ಅಡುಗೆಮನೆಯ ಕಡೆ ನೋಡಿದ. ಮತ್ತೆ ಕೇಳಿದ, "43ರದ್ದು ತಗೊಂಡ್ರೆ ಎಷ್ಟು ಉಳೀತದೆ?"

4,500 ಉಳಿಯುತ್ತದೆ. ಅದರಲ್ಲಿ 3,500ಕ್ಕೆ ಒಂದು ಸಣ್ಣ ಸೌಂಡ್‌ಬಾರ್ ಬಂತು, ಮಾತನ್ನು ಎತ್ತಿ ಕೊಡುವ 'ವಾಯ್ಸ್' ಮೋಡ್ ಇರುವಂಥದ್ದು. ಕೊಳ್ಳುವಾಗ ಟಿವಿಯಲ್ಲಿ 'ಎಚ್‌ಡಿಎಂಐ ಎಆರ್‌ಸಿ' ಎಂಬ ಕಿಂಡಿ ಇದೆಯೇ ನೋಡಿಕೊಳ್ಳಿ. ಒಂದೇ ವೈರಿನಲ್ಲಿ ಧ್ವನಿ ಹೊರಗೆ ಬರುತ್ತದೆ, ಟಿವಿಯ ರಿಮೋಟಿನಲ್ಲೇ ಏರಿಸಿ ಇಳಿಸಬಹುದು. ಹಿರಿಯರಿಗೆ ಎರಡು ರಿಮೋಟು ಕೊಟ್ಟು ಗೋಳಾಡಿಸಬಾರದು. ಬ್ಲೂಟೂತ್‌ನಲ್ಲೂ ಜೋಡಿಸಬಹುದು, ಆದರೆ ಅಲ್ಲಿ ಧ್ವನಿ ತುಸು ತಡವಾಗಿ ಬರುತ್ತದೆ. ಸಿನಿಮಾಕ್ಕೆ ಹೇಗೋ ನಡೆಯುತ್ತದೆ, ಗೇಮಿಗೆ ವೈರೇ ಸರಿ. ಕನ್ನಡದಲ್ಲಿ ಕೆಳಸಾಲು ಬರುವ ಚಿತ್ರಗಳಿದ್ದರೆ ಅದನ್ನೂ ಹಾಕಿಕೊಡಿ. ಓದಲು ಬರುವ ಅಜ್ಜಿಗೆ ಅರ್ಧ ಕಿವಿ ಅದೇ.

ಸಿಡಿಲು, ತೇವ, ಕರೆಂಟು

ನಮ್ಮ ಸೀಮೆಯಲ್ಲಿ ಟಿವಿಯ ದೊಡ್ಡ ಶತ್ರು ಮುಂಗಾರಿನ ಮುಂಚಿನ ಮತ್ತು ದಸರೆಯ ಆಸುಪಾಸಿನ ಗುಡುಗು. ರಿಮೋಟಿನಲ್ಲಿ ಆರಿಸಿದರೆ ಟಿವಿ ಮಲಗಿರುತ್ತದೆ, ಕರೆಂಟಿನ ಸಂಬಂಧ ತಪ್ಪಿರುವುದಿಲ್ಲ. ದೂರದಲ್ಲಿ ಮೋಡ ಗುಡುಗುವಾಗಲೇ ಪ್ಲಗ್ ಕಿತ್ತಿಡಿ. ಡಿಶ್‌ನ ತಾಮ್ರದ ಕೇಬಲನ್ನೂ ಕಳಚಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಫೈಬರ್ ತಂತಿ ಗಾಜಿನದು, ಅದರಲ್ಲಿ ವಿದ್ಯುತ್ ಹರಿಯದು. ಆದರೆ ಅದರ ಪೆಟ್ಟಿಗೆಗೆ ಕರೆಂಟು ಇದೆಯಲ್ಲ, ಆ ಪ್ಲಗ್ಗೂ ಕೀಳಬೇಕು. ಗುಡುಗು ತಲೆಯ ಮೇಲೆಯೇ ಬಂದಾಗ ಮಾತ್ರ ವೈರು ಮುಟ್ಟಲು ಹೋಗಬೇಡಿ. 600 ರೂಪಾಯಿ ಕೊಟ್ಟು ಸ್ಪೈಕ್ ಗಾರ್ಡ್ ತಂದೆವು. ಅದು ಸಣ್ಣಪುಟ್ಟ ಏರಿಳಿತಕ್ಕೆ ಛತ್ರಿ, ಸಿಡಿಲಿಗಲ್ಲ.

ಮಳೆಗಾಲದಲ್ಲಿ ಗೋಡೆ ತೇವ ಕುಡಿಯುತ್ತದೆ. ಟಿವಿಯ ಬೆನ್ನಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಗಾಳಿಯಾಡಲಿ. ಯಾರೂ ನೋಡದಿದ್ದರೂ ದಿನಕ್ಕೆ ಸ್ವಲ್ಪ ಹೊತ್ತು ಹಚ್ಚಿಡಿ, ಒಳಗಿನ ಶಾಖಕ್ಕೆ ತೇವ ಆರುತ್ತದೆ. ಪರದೆಗೆ ಒದ್ದೆ ಬಟ್ಟೆ ತಾಗಿಸಬೇಡಿ.

ಕರೆಂಟ್ ಬಿಲ್ಲಿನ ಲೆಕ್ಕವನ್ನೂ ಮಕ್ಕಳೇ ಹಾಕಿ. ಟಿವಿಯ ಹಿಂದೆ 80 ವಾಟ್ ಎಂದು ಬರೆದಿದ್ದರೆ, ದಿನಕ್ಕೆ 4 ಗಂಟೆ, ತಿಂಗಳಿಗೆ 30 ದಿನ: ಗುಣಿಸಿದರೆ 9,600 ವಾಟ್-ಗಂಟೆ. ಅಂದರೆ 9.6 ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿಕೊಳ್ಳಿ.

'ಶೂನ್ಯ ಬಡ್ಡಿ'ಯ ಒಳಗುಟ್ಟು

ಇದು ನನ್ನ ಕಸುಬಿನ ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಒಂದು ಉದಾಹರಣೆ ನೋಡಿ. ಟಿವಿ 24,000 ರೂಪಾಯಿ, ತಿಂಗಳಿಗೆ 4,000ದಂತೆ ಆರು ಕಂತು, 'ಬಡ್ಡಿ ಇಲ್ಲ'. ಅದೇ ಟಿವಿಯನ್ನು ಪೂರ್ತಿ ದುಡ್ಡು ಕೊಟ್ಟು ಕೊಂಡರೆ ರಿಯಾಯಿತಿ ಕಳೆದು 22,500. ಹಾಗಾದರೆ ಕಂತಿನವರು ಹೆಚ್ಚಿಗೆ ಕೊಟ್ಟ 1,500 ಏನು? ಅದೇ ಬಡ್ಡಿ. ಲೆಕ್ಕ ಹಾಕಿದರೆ ವರ್ಷಕ್ಕೆ ಶೇಕಡಾ 22ರ ಮೇಲಾಗುತ್ತದೆ! ಸಂಸ್ಕರಣಾ ಶುಲ್ಕ ಬೇರೆ. ಸಾಲದಲ್ಲಿ ಶೂನ್ಯ ಬಡ್ಡಿ ಎಂಬುದು ಇರುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ತಿಳಿಹೇಳಿದೆ. ಕಂತು ತಪ್ಪೆಂದು ನಾನು ಹೇಳುತ್ತಿಲ್ಲ. "ನಗದಿಗೆ ಎಷ್ಟು, ಕಂತಿಗೆ ಒಟ್ಟು ಎಷ್ಟು?" ಎಂಬ ಎರಡು ಪ್ರಶ್ನೆ ಕೇಳಿ, ಕಳೆದು ನೋಡಿ, ಆಮೇಲೆ ಸಹಿ ಹಾಕಿ.

ಒಂದು ಒಳ್ಳೆಯ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಸೇರಿಸದ ಬೆಲೆ 20,000 ಆದರೆ ಮೊದಲು 25,600 ಆಗುತ್ತಿತ್ತು, ಈಗ 23,600. ಬಿಲ್ಲಿನಲ್ಲಿ ಎಷ್ಟು ತೆರಿಗೆ ಹಾಕಿದ್ದಾರೆ ಓದಿ.

ಬಿಲ್ಲು, ವಾರಂಟಿ ಕಾರ್ಡು, ಡಬ್ಬದ ಮೇಲಿನ ಸಂಖ್ಯೆ ಮೂರನ್ನೂ ಫೋಟೊ ತೆಗೆದು ಇಟ್ಟುಕೊಳ್ಳಿ. ಪರದೆ ಒಡೆದರೆ, ಸಿಡಿಲು ಬಡಿದರೆ ಸಾಮಾನ್ಯ ವಾರಂಟಿ ಒದಗುವುದಿಲ್ಲ. ರಿಪೇರಿಯವರು ನಿಮ್ಮ ಊರಿನ ಪಿನ್‌ಕೋಡಿಗೆ ಬರುತ್ತಾರೆಯೇ ಎಂದು ಮೊದಲೇ ಕೇಳಿ. 20 ಕಿ.ಮೀ. ದೂರದ ಪೇಟೆಗೆ ಬಸ್ಸಿನಲ್ಲಿ ಟಿವಿ ಹೊತ್ತುಕೊಂಡು ಹೋಗುವ ಪಾಡು ಯಾರಿಗೂ ಬೇಡ. ಟಿವಿಯೊಳಗಿನ ಆ್ಯಪ್‌ಗಳು ಕೆಲವು ವರ್ಷದಲ್ಲಿ ನಿಧಾನವಾದರೆ ಹೊಸ ಟಿವಿ ಬೇಡ. ಮೂರ್ನಾಲ್ಕು ಸಾವಿರದ ಒಂದು ಸ್ಟಿಕ್ ಸಿಕ್ಕಿಸಿದರೆ ಪರದೆ ಮತ್ತೆ ಹೊಸತು. ಟಿವಿಯಲ್ಲಿ ಮನೆಯವರ ಕಾರ್ಡಿನ ವಿವರ ಉಳಿಸಬೇಡಿ, ಖರೀದಿಗೆ ಪಿನ್ ಇಡಿ.

ನಮ್ಮ ಲೆಕ್ಕ ಹೀಗೆ ಮುಗಿಯಿತು: ಟಿವಿ 20,500, ಸೌಂಡ್‌ಬಾರ್ 3,500, ಸ್ಪೈಕ್ ಗಾರ್ಡ್ 600. ಒಟ್ಟು 24,600. ಉಳಿದ 400ಕ್ಕೆ ಮೊಮ್ಮಗನಿಗೆ ಒಂದು ಒಳ್ಳೆಯ ಎಚ್‌ಡಿಎಂಐ ವೈರು. ತಾಳೆ ಸರಿಯಾಯಿತು. ಪಕ್ಕದಿಂದ ಬಣ್ಣ ತೆಳುವಾಗುವ ಪರದೆಯಲ್ಲವೇ? ನಟ್ಟನಡುವಿನ ಆರಾಮ ಕುರ್ಚಿ ಅಜ್ಜಿಗೆ ಎಂದು ಮೊಮ್ಮಗಳು ತೀರ್ಪು ಕೊಟ್ಟಳು. ಟಿವಿ ಜಗುಲಿಯಲ್ಲೇ ಇರಬೇಕು, ಯಾರ ಕೋಣೆಗೂ ಹೋಗಬಾರದು ಎಂಬುದು ಅಜ್ಜಿಯ ತೀರ್ಪು. ಕಳೆದ ಶನಿವಾರ ರಾತ್ರಿ ಮಳೆ ಹಂಚಿನ ಮೇಲೆ ಸುರಿಯುತ್ತಿದ್ದಾಗ ಅವಳು ಒಂದು ಪೂರ್ತಿ ಸಿನಿಮಾ ಕೂತು ನೋಡಿದಳು. ನಡುವೆ ಒಂದು ಹಾಸ್ಯಕ್ಕೆ ನಮ್ಮೆಲ್ಲರಿಗಿಂತ ಮೊದಲು ನಕ್ಕಳು.

ಮಕ್ಕಳೇ, ಈ ವಾರದ ಮನೆಗೆಲಸ ಇದು. ಒಂದು ಹಾಳೆ ತೆಗೆದುಕೊಂಡು ಆರು ಸಾಲು ಬರೆಯಿರಿ: ಕೂರುವ ದೂರ, ಜಗುಲಿಯ ಬೆಳಕು, ನೆಟ್‌ನ ವೇಗ, ಮಳೆಗಾಲದ ಸದ್ದು, ಕರೆಂಟಿನ ಗುಣ, ಯಾರು ಯಾರು ಎಲ್ಲೆಲ್ಲಿ ಕೂರುತ್ತಾರೆ. ಕೊನೆಯ ಸಾಲನ್ನು ಅಜ್ಜ-ಅಜ್ಜಿಯ ಹತ್ತಿರ ಕೇಳಿಯೇ ತುಂಬಿ. ಆ ಹಾಳೆ ಕೈಯಲ್ಲಿದ್ದರೆ ಯಾವ ಅಂಗಡಿಯವರೂ ನಿಮಗೆ ಬೇಡದ ಟಿವಿ ಮಾರಲಾರರು.

ಮುಂದಿನ ವಾರ ಮತ್ತೊಂದು ಲೆಕ್ಕದೊಂದಿಗೆ ಬರುತ್ತೇನೆ. ಅಲ್ಲಿವರೆಗೆ, ಗುಡುಗಿದರೆ ಪ್ಲಗ್ ತೆಗೆಯಲು ಮರೆಯಬೇಡಿ!